ಎರಡ್ರ ಮೇಲೂ 1200, ಮತ್ಯಾಕೆ ರೇಟ್ ಬೇರೆ?

ಪ್ರಶ್ನೆ: ಸರ್, ಮನೆಗೆ ಹೊಸದಾಗಿ ಫೈಬರ್ ಹಾಕಿಸಿದೀವಿ, 200 ಎಂಬಿಪಿಎಸ್ ಪ್ಲಾನು. ಅವ್ರು ಕೊಟ್ಟ ಬಾಕ್ಸು ಬಾಗಿಲ ಹತ್ರ ಇದೆ, ಹಿಂದಿನ ರೂಮಿಗೆ ವೈಫೈ ಬರೋದೇ ಇಲ್ಲ. ಬೇರೆ ರೂಟರ್ ತಗೋಳೋಣ ಅಂತ ಟಿಪಿ-ಲಿಂಕ್ ಆರ್ಚರ್ ಸಿ50, ಸಿ6 ಎರಡನ್ನೂ ನೋಡಿಟ್ಟಿದೀನಿ. ಎರಡ್ರ ಮೇಲೂ ಎಸಿ1200 ಅಂತಾನೇ ಇದೆ, ಆದ್ರೆ ಸಿ6ಗೆ ರೇಟ್ ಜಾಸ್ತಿ. ಅಂಗಡಿಯವ್ರು ಎರಡೂ ಒಂದೇ ಬಿಡಿ ಅಂತಾರೆ. ಯಾವ್ದು ತಗೊಳ್ಲಿ? ಕರೆಂಟ್ ಹೋದಾಗ್ಲೂ ನೆಟ್ ಬೇಕು.
— ಓದುಗರೊಬ್ರು, ತಿಪಟೂರು

ಉತ್ತರ: ನಿಮ್ಮ ಪ್ಲಾನಿಗೆ ಕಣ್ಣುಮುಚ್ಕೊಂಡು ಸಿ6 ತಗೊಳ್ಳಿ.

ಆ 1200 ಹೆಂಗೆ ಬಂತು ಅಂದ್ರೆ, 2.4 ಗಿಗಾಹರ್ಟ್ಸ್ ಬ್ಯಾಂಡಿನ (ವೈಫೈ ಸಿಗ್ನಲ್ ಹೋಗೋ ದಾರಿ ಅನ್ಕೊಳ್ಳಿ) 300 ಎಂಬಿಪಿಎಸ್, 5 ಗಿಗಾಹರ್ಟ್ಸಿನ 867, ಎರಡನ್ನೂ ಕೂಡ್ಸಿ ರೌಂಡ್ ಮಾಡಿ ಡಬ್ಬದ ಮೇಲೆ ಹಾಕ್ತಾರೆ, ನಿಮ್ಮ ಫೋನು ಒಂದ್ಸಲಕ್ಕೆ ಒಂದೇ ಬ್ಯಾಂಡಿಗೆ ಕನೆಕ್ಟ್ ಆಗೋದು, ಹಂಗಾಗಿ ಆ 1200 ಅದಕ್ಕೆ ಸಿಗೋದೇ ಇಲ್ಲ. ಈ ಲೆಕ್ಕ ಎರಡಕ್ಕೂ ಒಂದೇ, ಅಂಗಡಿಯವ್ರು ಹೇಳಿದ್ದು ಅಷ್ಟು ಮಾತ್ರ ಸರಿ. ರೂಟರ್ ತಿರುಗಿಸಿ ಹಿಂದುಗಡೆ ನೋಡಿ. ಸಿ50ಯಲ್ಲಿ ಇರೋವೆಲ್ಲ 10/100 ಪೋರ್ಟು, ಅಂದ್ರೆ ಹೆಚ್ಚಂದ್ರೆ 100 ಎಂಬಿಪಿಎಸ್ ಹೋಗೋ ಕೇಬಲ್ ಕಿಂಡಿ, ಇಂಟರ್ನೆಟ್ ಒಳಗೆ ಬರೋ ವ್ಯಾನ್ ಪೋರ್ಟೂ ಸೇರಿ. ವೈಫೈ ಎಷ್ಟೇ ಜೋರಿದ್ರೂ ಒಳಗೆ ಬರೋದೇ 100, ಸ್ಪೀಡ್ ಟೆಸ್ಟ್ ಮಾಡಿದ್ರೆ 95ರ ಆಸುಪಾಸಲ್ಲಿ ನಿಂತ್ಬಿಡುತ್ತೆ, ನೀವು ಪಾಪ ಕಂಪನಿಯವ್ರಿಗೆ ಫೋನ್ ಮೇಲೆ ಫೋನ್ ಮಾಡ್ತಾ ಇರ್ತೀರ. ಸಿ6ದು ಗಿಗಾಬಿಟ್ ಪೋರ್ಟು, ಅಂದ್ರೆ 1000 ಎಂಬಿಪಿಎಸ್‌ವರೆಗೂ ಹೋಗುತ್ತೆ. ಪ್ಲಾನು 50ದೋ 100ದೋ ಆಗಿದ್ರೆ ಸಿ50 ಸಾಕು ಅಂತಿದ್ದೆ.

ಸಿ6 ಹಾಕಿದ್ಮೇಲೂ 95 ದಾಟ್ಲಿಲ್ಲ ಅಂದ್ರೆ ಫೈಬರ್ ಬಾಕ್ಸಿಂದ ರೂಟರಿಗೆ ಬರೋ ಕೇಬಲ್ ನೋಡಿ. ತುದೀಲಿರೋ ಪ್ಲಾಸ್ಟಿಕ್ ಪ್ಲಗ್ ಒಳಗೆ ಬಣ್ಣಬಣ್ಣದ ಎಂಟು ಎಳೆ ಕಾಣ್ಬೇಕು, ಗಿಗಾಬಿಟ್‌ಗೆ ಎಂಟೂ ಬೇಕು. ಕೆಲವ್ರು ನಾಲ್ಕೇ ಎಳೆ ಪ್ಲಗ್ಗಿಗೆ ಒತ್ತಿ ಕೂರ್ಸಿ ಹೋಗಿರ್ತಾರೆ, ಅದ್ರಲ್ಲಿ 100ರ ಮೇಲೆ ಹೋಗಲ್ಲ. ಫೈಬರ್ ಬಾಕ್ಸಲ್ಲೂ ಕೆಲವು ಸಲ ಒಂದೇ ಪೋರ್ಟ್ ಗಿಗಾಬಿಟ್ ಇರುತ್ತೆ, ಅದಕ್ಕೇ ಚುಚ್ಚಿ.

ಇನ್ನು ಹಿಂದಿನ ರೂಮು. ಹೊಸ ರೂಟರನ್ನ ಹಳೇ ಬಾಕ್ಸಿನ ಪಕ್ಕದಲ್ಲೇ ಇಟ್ರೆ ದುಡ್ಡು ದಂಡ. 5 ಗಿಗಾಹರ್ಟ್ಸ್ ಗೋಡೆ ದಾಟೋದು ಕಷ್ಟ, ಎಷ್ಟು ಆಂಟೆನಾ ಇದ್ರೂ ಅಷ್ಟೇ. ಬಾಕ್ಸಿಂದ ಕ್ಯಾಟ್6 ಅನ್ನೋ ನೆಟ್‌ವರ್ಕ್ ಕೇಬಲ್ ಎಳೆಸಿ ರೂಟರನ್ನ ಮನೆ ಮಧ್ಯಕ್ಕೆ ತನ್ನಿ, ಸ್ವಲ್ಪ ಎತ್ತರದಲ್ಲಿಡಿ, ಟಿವಿ ಹಿಂದೆ ಅಥವಾ ಸ್ಟೀಲ್ ಬೀರು ಪಕ್ಕ ಬೇಡ. ಹಳೇ ಬಾಕ್ಸಿನ ವೈಫೈ ಆಫ್ ಮಾಡ್ಬಿಡಿ, ಇಲ್ಲಾಂದ್ರೆ ಫೋನು ಆ ವೀಕ್ ಸಿಗ್ನಲ್ಲನ್ನೇ ಹಿಡ್ಕೊಂಡು ಕೂತಿರುತ್ತೆ.

ಕರೆಂಟಿಗೆ ಮಿನಿ ಯುಪಿಎಸ್ (ರೂಟರಿಗೆ ಅಂತಾನೇ ಬರೋ ಚಿಕ್ಕ ಬ್ಯಾಟರಿ ಬಾಕ್ಸು) ಸಾಕು, ಆದ್ರೆ ತಗೊಳ್ಳೋ ಮುಂಚೆ ರೂಟರ್, ಫೈಬರ್ ಬಾಕ್ಸಿನ ಅಡಾಪ್ಟರ್ ಮೇಲೆ 9 ವೋಲ್ಟೋ 12 ವೋಲ್ಟೋ ನೋಡ್ಕೊಳ್ಳಿ. ಫೈಬರ್ ಬಾಕ್ಸಿಗೂ ಬ್ಯಾಕಪ್ ಬೇಕು, ಬರೀ ರೂಟರಿಗೆ ಕೊಟ್ರೆ ವೈಫೈ ಫುಲ್ ತೋರ್ಸುತ್ತೆ, ನೆಟ್ ಮಾತ್ರ ಬರಲ್ಲ.