ಹಳೆಯ ಡಿಸ್ಕ್ ಮೋವರ್ ತಗೊಳ್ಳುವ ಮುಂಚೆ ಅದರ ಅಡಿ ನೋಡಿ

ನಿಮ್ಮದು ಶಿರಾ ಕಡೆ ಹತ್ತು ಎಕರೆ. ಏಳು ಎಕರೆ ರೋಡ್ಸ್ ಹುಲ್ಲು, ಮೂರು ಎಕರೆ ಕುದುರೆ ಮಸಾಲೆ, ಎರಡೂ ಮೇವಿನ ಬೆಳೆ. 45 ಎಚ್‌ಪಿ ಟ್ರ್ಯಾಕ್ಟರ್ ಇದೆ. ಐದು ಡಿಸ್ಕಿನ, ಅಂದರೆ ಬ್ಲೇಡ್ ಹಾಕಿದ ಐದು ತಿರುಗುವ ತಟ್ಟೆಗಳಿರುವ, ಹಳೆಯ ಮೋವರ್ (ಟ್ರ್ಯಾಕ್ಟರಿಗೆ ಕಟ್ಟಿ ಹುಲ್ಲು ಕೊಯ್ಯುವ ಯಂತ್ರ) ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಅದನ್ನು ತಗೊಳ್ಳಲಾ, ಹೊಸ ಡ್ರಮ್ ಮೋವರ್ ತಗೊಳ್ಳಲಾ ಅಂತ ಕೇಳಿದ್ದೀರಿ. ಜೊತೆಗೆ ಬ್ಲೇಡು, ಬೋಲ್ಟು ಯಾವಾಗ ಬದಲಿಸಬೇಕು ಅಂತಲೂ ಕೇಳಿದ್ದೀರಿ. ನಾನು ಈ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ತಿಳಿದರೆ ಮೊದಲನೆಯದು ಅರ್ಧ ತಾನಾಗೇ ಬಗೆಹರಿಯುತ್ತದೆ.

ನಾನು ಚಿಂತಾಮಣಿ ಕಡೆಯವನು. ಆರು ವರ್ಷದಿಂದ ಡಿಸ್ಕ್ ಮೋವರ್ ಓಡಿಸುತ್ತಿದ್ದೇನೆ. ನಮ್ಮ ಹೊಲ ಮುಗಿದ ಮೇಲೆ ಅಕ್ಕಪಕ್ಕದವರಿಗೆ ಬಾಡಿಗೆಗೂ ಕೊಯ್ದು ಕೊಡುತ್ತೇನೆ.

ಒಂದೊಂದು ಡಿಸ್ಕಿಗೆ ಎರಡು ಬ್ಲೇಡ್ ಇರುತ್ತವೆ. ಅವನ್ನು ಬಿಗಿದು ಕೂರಿಸಿರುವುದಿಲ್ಲ, ಬೋಲ್ಟಿಗೆ ಸಡಿಲವಾಗಿ ನೇತು ಹಾಕಿರುತ್ತಾರೆ. ಪಿಟಿಒ (ಟ್ರ್ಯಾಕ್ಟರಿನಿಂದ ಮೋವರಿಗೆ ಶಕ್ತಿ ಕೊಡುವ ಶಾಫ್ಟು) ನಿಮಿಷಕ್ಕೆ 540 ಸುತ್ತು ತಿರುಗಿದರೆ ಡಿಸ್ಕು ಸುಮಾರು 3000 ಸುತ್ತು ತಿರುಗುತ್ತದೆ. ಆ ರಭಸಕ್ಕೆ ಬ್ಲೇಡು ತಾನೇ ಹೊರಗೆ ನೆಟ್ಟಗೆ ನಿಲ್ಲುತ್ತದೆ. ಕಲ್ಲು ತಗುಲಿದರೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಬ್ಲೇಡಿನ ತುದಿಯ ವೇಗ ಗಂಟೆಗೆ 280 ಕಿಲೋಮೀಟರ್ ಹತ್ತಿರ ಇರುತ್ತದೆ. ಹಾಗಾಗಿ ಸವೆಯುವುದು ಅಲಗು ಮಾತ್ರ ಅಲ್ಲ. ಬ್ಲೇಡಿನ ತೂತು ಸವೆಯುತ್ತದೆ, ಬೋಲ್ಟು ಸವೆಯುತ್ತದೆ, ಕೆಳಗಿನ ನಟ್ಟೂ ಸವೆಯುತ್ತದೆ. ನಮ್ಮಲ್ಲಿ ಜನ ಅಲಗು ಮಾತ್ರ ನೋಡುತ್ತಾರೆ.

ನಾನೂ ಹಾಗೇ ಮಾಡಿದ್ದೆ. ಎರಡನೇ ವರ್ಷ ಹತ್ತೂ ಬ್ಲೇಡ್ ಹೊಸದು ಹಾಕಿದೆ, ಬೋಲ್ಟು ಹಳೆಯದೇ ಬಿಟ್ಟೆ. ಮೂರನೇ ದಿನ ಕೊಯ್ಯುವಾಗ ಟಣ್ ಅಂತ ಸದ್ದು. ಒಂದು ಬ್ಲೇಡು ಕಳಚಿ, ಮುಂದಿನ ಕ್ಯಾನ್ವಾಸ್ ಪರದೆ ಹರಿದುಕೊಂಡು ಹೋಗಿ ಬದುವಿನ ಮಣ್ಣಿನಲ್ಲಿ ಹೂತು ನಿಂತಿತ್ತು. ಅವತ್ತು ಆ ಕಡೆ ಯಾರೂ ಇರಲಿಲ್ಲ. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ. ಅದರ ಪಕ್ಕದ ಬೋಲ್ಟನ್ನು ಬಿಚ್ಚಿ ಇಟ್ಟುಕೊಂಡಿದ್ದೇನೆ, ಹೊಸದಾಗಿ ಕೆಲಸಕ್ಕೆ ಬರುವ ಹುಡುಗರಿಗೆ ತೋರಿಸುತ್ತೇನೆ. ಬ್ಲೇಡು ಆಡುವ ಜಾಗದಲ್ಲಿ ಅದು ಡಮರುಗದ ನಡುವಿನ ಹಾಗೆ ಸಣ್ಣಗಾಗಿದೆ. ನಟ್ಟಿನ ಆರು ಮೂಲೆಯೂ ನುಣ್ಣಗೆ ತೇದು ಹೋಗಿವೆ, ಸ್ಪ್ಯಾನರ್ ಹಿಡಿಯುವುದೇ ಇಲ್ಲ. ನಟ್ಟು ಕೆಳಗಡೆ ಇರುವುದರಿಂದ ಕೂಳೆಗೆ, ಮಣ್ಣಿಗೆ ದಿನವಿಡೀ ಉಜ್ಜುತ್ತಲೇ ಇರುತ್ತದೆ ಅಲ್ವಾ.

ಈಗ ನಾನು ನೋಡುವುದು ಹೀಗೆ. ಬೋಲ್ಟಿನ ಮೇಲೆ ಉಗುರು ಎಳೆದಾಗ ತಗ್ಗು ಸಿಕ್ಕಿದರೆ ಬದಲಿಸುತ್ತೇನೆ. ನಟ್ಟಿನ ಎತ್ತರ ಅರ್ಧಕ್ಕೆ ಇಳಿದಿದ್ದರೆ ಬದಲಿಸುತ್ತೇನೆ. ಬ್ಲೇಡಿನ ತೂತು ದುಂಡಗಿರದೆ ಮೊಟ್ಟೆಯಾಕಾರ ಆಗಿದ್ದರೆ, ಅಲಗು ಎಷ್ಟೇ ಚೆನ್ನಾಗಿರಲಿ, ಆ ಬ್ಲೇಡ್ ಬೇಡ. ಎರಡು ಸಲ ಬ್ಲೇಡ್ ಬದಲಿಸಿದರೆ ಒಂದು ಸಲ ಬೋಲ್ಟು ನಟ್ಟು ಎಲ್ಲಾ ಹೊಸದು. ಬೋಲ್ಟನ್ನು ಆ ಮೋವರ್ ಮಾಡಿದ ಕಂಪನಿಯದೇ ತರಿಸಿ. ಹಾರ್ಡ್‌ವೇರ್ ಅಂಗಡಿಯ ಬೋಲ್ಟು ಅಳತೆಗೆ ಕೂತರೂ ಬಲ ಅದೇ ಇರುವುದಿಲ್ಲ.

ಬಹಳಷ್ಟು ಬ್ಲೇಡುಗಳಿಗೆ ಎರಡೂ ಅಂಚಿನಲ್ಲಿ ಅಲಗು ಇರುತ್ತದೆ. ಒಂದು ಮೊಂಡಾದರೆ ಮಗುಚಿ ಹಾಕಿ ಇನ್ನೊಂದನ್ನು ಬಳಸಬಹುದು. ಆದರೆ ತಿರುಚಿದ ಬ್ಲೇಡಿನಲ್ಲಿ ಎಡಕ್ಕೆ ತಿರುಗುವ ಡಿಸ್ಕಿಗೆ ಬೇರೆ, ಬಲಕ್ಕೆ ಬೇರೆ. ಬಾಣದ ಗುರುತು ನೋಡಿ ಹಾಕಿ. ಒಂದು ಡಿಸ್ಕಿನ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಒಂದು ಹೊಸದು, ಒಂದು ಹಳೆಯದು ಆದರೆ ತೂಕ ಸಮ ಇರುವುದಿಲ್ಲ, ಅದರ ಏಟು ಒಳಗಿನ ಬೇರಿಂಗಿಗೆ ಬೀಳುತ್ತದೆ.

ನಮ್ಮ ಕಡೆ ಕೆಲವರು ಲಾರಿಯ ಸ್ಪ್ರಿಂಗ್ ಪಟ್ಟಿ ಕತ್ತರಿಸಿ ಕುಲುಮೆಯಲ್ಲಿ ಬ್ಲೇಡ್ ಮಾಡಿಸಿಕೊಳ್ಳುತ್ತಾರೆ. ದಯವಿಟ್ಟು ಬೇಡ. ಕುಡುಗೋಲು, ಮಚ್ಚು ಕುಲುಮೆಯವರಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲ್ಲ. ಇದು ಬೇರೆ. ಹದ ಸ್ವಲ್ಪ ಜಾಸ್ತಿಯಾದರೆ ಕಲ್ಲಿಗೆ ತಗುಲಿದಾಗ ಬಗ್ಗುವ ಬದಲು ಚೂರಾಗಿ ಹಾರುತ್ತದೆ. ಗ್ರೈಂಡರ್ ಹಿಡಿದು ನೀಲಿ ಬಣ್ಣ ಬರುವವರೆಗೆ ಉಜ್ಜುವುದೂ ಬೇಡ, ಅಲ್ಲಿಗೆ ಇರುವ ಹದವೂ ಹೋಯಿತು.

ಮೊಂಡಾಗಿದೆ ಅಂತ ಹೊಲವೇ ಹೇಳುತ್ತದೆ. ಕೊಯ್ದ ಮಾರನೇ ದಿನ ಕೂಳೆಯ ತುದಿ ನೋಡಿ. ಚೂಪು ಬ್ಲೇಡಿನದು ಒಂದೇ ಮಟ್ಟಕ್ಕೆ ಸಾಫಾಗಿ ಕತ್ತರಿಸಿರುತ್ತದೆ. ಮೊಂಡು ಬ್ಲೇಡಿನದು ನಾರು ನಾರಾಗಿ ಸೀಳಿ, ಒಂದೆರಡು ದಿನದಲ್ಲಿ ಕಂದು ತಿರುಗುತ್ತದೆ. ಕುದುರೆ ಮಸಾಲೆ ಹಾಗೆ ಸೀಳಿದರೆ ಮತ್ತೆ ಚಿಗುರುವುದೂ ತಡ. ಡೀಸೆಲ್ ಬೇರೆ ಜಾಸ್ತಿ.

ಇನ್ನು ಅಡಿಯ ಸ್ಕಿಡ್. ಡಿಸ್ಕುಗಳನ್ನು ಸಾಲಾಗಿ ಹೊತ್ತ ಉದ್ದನೆಯ ಬಾರ್ ನೆಲದ ಮೇಲೆ ಜಾರಲು ಪ್ರತಿ ಡಿಸ್ಕಿನ ಕೆಳಗೂ ಇರುವ ಕಬ್ಬಿಣದ ತಗಡು. ಅದು ತೂತು ಬೀಳುವವರೆಗೆ ಬಿಟ್ಟರೆ ಆಮೇಲೆ ಸವೆಯುವುದು ಬಾರೇ. ಸ್ಕಿಡ್ಡಿಗೆ ಸಾವಿರಗಳಲ್ಲಿ ಖರ್ಚಾದರೆ ಬಾರಿಗೆ ಲಕ್ಷಗಳಲ್ಲಿ. ಎಷ್ಟೋ ಸಲ ಸ್ಕಿಡ್ ಬೇಗ ಸವೆಯಲು ಕಾರಣ ಟಾಪ್ ಲಿಂಕ್, ಅಂದರೆ ಮೋವರನ್ನು ಮೇಲುಗಡೆಯಿಂದ ಟ್ರ್ಯಾಕ್ಟರಿಗೆ ಜೋಡಿಸುವ ಸಲಾಕೆ. ಅದನ್ನು ಜಾಸ್ತಿ ಗಿಡ್ಡ ಮಾಡಿದರೆ ಬಾರಿನ ಮೂತಿ ಕೆಳಗೆ ಬಾಗಿ ಮಣ್ಣು ಕೆರೆಯುತ್ತದೆ. ಮೇವಿನಲ್ಲಿ ಮಣ್ಣು ಬೆರೆಯುತ್ತದೆ, ಬ್ಲೇಡೂ ಮೊಂಡಾಗುತ್ತದೆ. ನಾನು ಕುದುರೆ ಮಸಾಲೆಗೆ 7 ಸೆಂಟಿಮೀಟರ್, ರೋಡ್ಸ್ ಹುಲ್ಲಿಗೆ 10 ಸೆಂಟಿಮೀಟರ್ ಕೂಳೆ ಬಿಡುತ್ತೇನೆ.

ಈಗ ನಿಮ್ಮ ಮೊದಲ ಪ್ರಶ್ನೆ. ಡಿಸ್ಕ್ ಮೋವರಿನಲ್ಲಿ ಗೇರುಗಳೆಲ್ಲಾ ಕೆಳಗೆ, ಆ ತೆಳ್ಳಗಿನ ಬಾರಿನೊಳಗೆ ಎಣ್ಣೆಯಲ್ಲಿ ಸಾಲಾಗಿ ಕೂತಿರುತ್ತವೆ. ದೊಡ್ಡ ಕಲ್ಲು ತಗುಲಿದರೆ ಏಟು ನೇರ ಅಲ್ಲಿಗೇ. ಅದಕ್ಕೇ ಒಳ್ಳೆಯ ಕಂಪನಿಗಳು ಡಿಸ್ಕಿನ ಹತ್ತಿರವೇ ಒಂದು ಬಲಿ ಭಾಗ ಇಟ್ಟಿರುತ್ತವೆ, ಏಟು ಬಿದ್ದಾಗ ಅದು ಮುರಿದು ಗೇರನ್ನು ಉಳಿಸುತ್ತದೆ. ಕೂನ್ ಕಂಪನಿಯ ಮೋವರುಗಳಲ್ಲಿ ಡಿಸ್ಕಿನ ಶಾಫ್ಟು ಗುರುತಿಟ್ಟ ಜಾಗದಲ್ಲಿ ಮುರಿಯುತ್ತದೆ. ಕ್ರೋನೆ ಕಂಪನಿಯ ಸೇಫ್‌ಕಟ್ ವ್ಯವಸ್ಥೆಯಲ್ಲಿ ಪಿನ್ ಮುರಿದು, ಡಿಸ್ಕು ಮೇಲಕ್ಕೆದ್ದು ಪಕ್ಕದ್ದಕ್ಕೆ ತಗುಲದೆ ನಿಲ್ಲುತ್ತದೆ. ನೀವು ನೋಡುತ್ತಿರುವ ಹಳೆಯದರಲ್ಲಿ ಇಂಥದ್ದು ಇದೆಯಾ, ಇದ್ದರೆ ಆ ಭಾಗ ನಿಮಗೆ ಎಷ್ಟು ದಿನದಲ್ಲಿ ಸಿಗುತ್ತದೆ ಅಂತ ಮೊದಲು ವಿಚಾರಿಸಿ. ಕೊಯ್ಲಿನ ಮಧ್ಯೆ ಹದಿನೈದು ದಿನ ಕಾದರೆ ಹುಲ್ಲು ಬಲಿತು ಕಡ್ಡಿಯಾಗುತ್ತದೆ.

ಡ್ರಮ್ ಮೋವರಿನಲ್ಲಿ ಗೇರು ಮೇಲಿರುತ್ತದೆ. ಕೆಳಗೆ ಎರಡು ದೊಡ್ಡ ಡ್ರಮ್ಮು, ಅವುಗಳ ಅಡಿಯಲ್ಲಿ ಜಾರುವ ತಟ್ಟೆ. 1.65 ಮೀಟರ್ ಅಗಲದ್ದಕ್ಕೆ ಸಾಮಾನ್ಯವಾಗಿ ಡ್ರಮ್ಮಿಗೆ ಮೂರರಂತೆ ಆರೇ ಬ್ಲೇಡು. ಬಹಳಷ್ಟರಲ್ಲಿ ನಟ್ಟು ಬೋಲ್ಟಿಲ್ಲ. ಒಂದು ಸಲಾಕೆ ತೂರಿಸಿ ಅಮುಕಿದರೆ ಸ್ಪ್ರಿಂಗ್ ಪಟ್ಟಿ ಬಿಡುತ್ತದೆ, ಬ್ಲೇಡ್ ಕೈಗೆ ಬರುತ್ತದೆ. ಮಲಗಿದ ಹುಲ್ಲಿನಲ್ಲೂ ಕಟ್ಟಿಕೊಳ್ಳುವುದು ಕಡಿಮೆ. ತೊಂದರೆ ಏನೆಂದರೆ ಅಗಲಕ್ಕೆ ಹೋಲಿಸಿದರೆ ತೂಕ ಜಾಸ್ತಿ. ಹುಲ್ಲನ್ನು ಎರಡು ಡ್ರಮ್ಮಿನ ನಡುವೆ ದಪ್ಪ ಸಾಲಾಗಿ ಬಿಡುತ್ತದೆ, ಅದನ್ನು ಹರಡಲೇಬೇಕು. ಡಿಸ್ಕು ತೆಳ್ಳಗೆ ಅಗಲವಾಗಿ ಹಾಸುತ್ತದೆ, ಬೇಗ ಒಣಗುತ್ತದೆ. ಕುದುರೆ ಮಸಾಲೆಗೆ ಇದು ದೊಡ್ಡ ಅನುಕೂಲ, ಮತ್ತೆ ಮತ್ತೆ ಮಗುಚಿದಷ್ಟೂ ಎಲೆ ಉದುರುತ್ತದೆ. ಮಗುಚುವುದಿದ್ದರೆ ಇಬ್ಬನಿ ಇನ್ನೂ ಆರಿರದ ಬೆಳಗಿನಲ್ಲೇ ಮಗುಚಿ.

ಡಿಸ್ಕಿನ ವೇಗಕ್ಕೆ ಆಸೆ ಪಡುವವರು ಲೆಕ್ಕ ಹಾಕಬೇಕು. 1.65 ಮೀಟರ್ ಡ್ರಮ್ಮು ಗಂಟೆಗೆ 8 ಕಿಲೋಮೀಟರ್ ಹೋದರೆ, ತಿರುಗಿಸುವುದೆಲ್ಲಾ ಕಳೆದು ಗಂಟೆಗೆ ಎರಡೂವರೆ ಎಕರೆ ಆಗುತ್ತದೆ. ಎರಡು ಮೀಟರ್ ಡಿಸ್ಕು ಮೂರು, ಮೂರೂವರೆ ಎಕರೆ. ಹತ್ತು ಎಕರೆಗೆ ಉಳಿಯುವುದು ಒಂದು ಗಂಟೆ. ನಿಮ್ಮ ಹೊಲದಲ್ಲಿ ಕಲ್ಲು ಜಾಸ್ತಿ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ನನ್ನ ಮಾತು, ಡ್ರಮ್ ತಗೊಳ್ಳಿ. ಬಾಡಿಗೆಗೆ ಐವತ್ತು ಎಕರೆ ಕೊಯ್ಯುವ ಯೋಚನೆ ಇದ್ದರೆ, ಅಥವಾ ಕುದುರೆ ಮಸಾಲೆಯನ್ನೇ ಜಾಸ್ತಿ ಮಾಡುವುದಿದ್ದರೆ ಡಿಸ್ಕು ಸರಿ. 45 ಎಚ್‌ಪಿಗೆ ಐದು ಡಿಸ್ಕು ಎಳೆಯುತ್ತದೆ, ಆದರೆ ಒಂದೇ ಪಕ್ಕಕ್ಕೆ ಭಾರ ಬೀಳುತ್ತದೆ, ಮುಂದೆ ತೂಕದ ಕಲ್ಲು ಹಾಕಿಸಿ.

ಆದರೂ ಹಳೆಯದನ್ನು ನೋಡಲು ಹೋಗುವುದಾದರೆ ಒಂದು ದಾರ, ಟಾರ್ಚು ತಗೊಂಡು ಹೋಗಿ. ಟ್ರ್ಯಾಕ್ಟರ್ ಆಫ್ ಮಾಡಿಸಿ, ಕೀ ನಿಮ್ಮ ಜೇಬಿನಲ್ಲಿ ಇರಲಿ, ಬಾರಿನ ಕೆಳಗೆ ದಿಮ್ಮಿ ಕೊಡಿ. ಆಫ್ ಮಾಡಿದ ಮೇಲೂ ಡಿಸ್ಕು ಸುಮಾರು ಹೊತ್ತು ತಿರುಗುತ್ತಲೇ ಇರುತ್ತದೆ, ಪೂರ್ತಿ ನಿಲ್ಲುವವರೆಗೆ ಹತ್ತಿರ ಹೋಗಬೇಡಿ. ಬಾರಿನ ಉದ್ದಕ್ಕೂ ದಾರ ಹಿಡಿದು ಬಾಗಿದೆಯಾ ನೋಡಿ. ಸ್ಕಿಡ್ ಒಂದು ಬಿಚ್ಚಿಸಿ, ಅದು ಮುಚ್ಚಿದ್ದ ಬಾರಿನಲ್ಲಿ ವೆಲ್ಡಿಂಗ್ ಗುರುತು ಇದೆಯಾ ನೋಡಿ. ಪ್ರತಿ ಡಿಸ್ಕನ್ನೂ ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಹೋಗಿದೆ. ಕೈಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಅಕ್ಕಪಕ್ಕದ ಬ್ಲೇಡುಗಳು ಒಂದರ ದಾರಿಯಲ್ಲಿ ಒಂದು ಹಾಯುತ್ತವೆ, ಎಲ್ಲೂ ತಗುಲಬಾರದು. ಕೊನೆಗೆ ಬಾರಿನ ಎಣ್ಣೆ ಸ್ವಲ್ಪ ಬಿಳಿ ಬಟ್ಟೆ ಮೇಲೆ ಬಿಡಿ. ಹಾಲು ಬೆರೆಸಿದ ಹಾಗಿದ್ದರೆ ಒಳಗೆ ನೀರು ಹೋಗಿದೆ. ಬಿಸಿಲಿಗೆ ಹಿಡಿದಾಗ ಮಿಣಮಿಣ ಹೊಳೆದರೆ ಅದು ಗೇರಿನ ಪುಡಿ. ಹಾಗಿದ್ದರೆ ಚೌಕಾಸಿಗೆ ಕೂರದೆ ವಾಪಸ್ ಬನ್ನಿ.

ಯಾವುದೇ ತಗೊಂಡರೂ ಮೊದಲ ಕೊಯ್ಲಿಗೆ ಮುಂಚೆ ಹೊಲ ಪೂರ್ತಿ ಒಂದು ಸಲ ನಡೆದು ನೋಡಿ. ಹುಲ್ಲು ಬೆಳೆದ ಮೇಲೆ ಹುತ್ತ ಕಾಣುವುದಿಲ್ಲ. ನಮ್ಮಲ್ಲಿ ಬ್ಲೇಡ್ ತಿಂದಿರುವುದರಲ್ಲಿ ಕಲ್ಲಿಗಿಂತ ಒಣಗಿದ ಹುತ್ತವೇ ಜಾಸ್ತಿ. ಡ್ರಿಪ್ ಪೈಪಿನ ತುಂಡು, ತಂತಿ ಇದ್ದರೆ ಆರಿಸಿ. ತೆಗೆಯಲಾಗದ ಬಂಡೆ ಇದ್ದರೆ ಪಕ್ಕದಲ್ಲಿ ಎತ್ತರದ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ. ನಾನು ಈಗಲೂ ಪ್ರತಿ ಕೊಯ್ಲಿಗೆ ಹಿಂದಿನ ಸಂಜೆ ಹೀಗೆ ಒಂದು ಸುತ್ತು ಹಾಕಿ ಬರುತ್ತೇನೆ.