ಕೊಲೋಸಿಯಂ: ಕಟ್ಟಿದ ಜಾಣ್ಮೆ, ಹರಿದ ರಕ್ತ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ರೋಮ್ ನಗರದ ಪ್ರಾಚೀನ ರಂಗಮಂದಿರ ಕೊಲೋಸಿಯಂ ಬಗ್ಗೆ ಬಂದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ಮನುಷ್ಯರನ್ನೂ ಮೃಗಗಳನ್ನೂ ಕೊಲ್ಲಿಸಿ ನೋಡುವುದಕ್ಕೆಂದೇ ಕಟ್ಟಿದ ಸ್ಥಳವನ್ನು ವಾಸ್ತುಶಿಲ್ಪದ ಅದ್ಭುತವೆಂದಷ್ಟೇ ಹೊಗಳುವುದು ಸರಿಯೇ ಎಂದು ಕೇಳಿದ್ದೀರಿ; ನೋಡಲು ನೆರೆಯುತ್ತಿದ್ದ ಅಷ್ಟು ಸಾವಿರ ಜನರಲ್ಲಿ ಒಬ್ಬನಿಗಾದರೂ ಅದು ತಪ್ಪೆನಿಸಲಿಲ್ಲವೇ ಎಂದೂ ಕೇಳಿದ್ದೀರಿ. ನಿಮ್ಮ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆ ಕಟ್ಟಡದ ಜಾಣ್ಮೆಯನ್ನೂ ಅಲ್ಲಿ ನಡೆದ ಕೊಲೆಯನ್ನೂ ಬೇರ್ಪಡಿಸಿ ಹೇಳಲು ಬರುವುದಿಲ್ಲ.

ವೆಸ್ಪೇಸಿಯನ್ ಚಕ್ರವರ್ತಿ ಆರಂಭಿಸಿ, ಅವನ ಮಗ ಟೈಟಸ್ ಕ್ರಿ.ಶ. 80ರಲ್ಲಿ ನೂರು ದಿನಗಳ ಆಟಗಳೊಂದಿಗೆ ಉದ್ಘಾಟಿಸಿದ ಈ ಅಂಡಾಕಾರದ ರಂಗಮಂದಿರ ಸುಮಾರು 188 ಮೀಟರ್ ಉದ್ದ, 156 ಮೀಟರ್ ಅಗಲವಿದೆ. ನೆಲಮಟ್ಟದ 80 ಕಮಾನುಗಳ ಪೈಕಿ 76ಕ್ಕೆ ಸಂಖ್ಯೆಗಳಿದ್ದವು. ಪ್ರೇಕ್ಷಕನು ತನ್ನ ಬಾಗಿಲಿನಿಂದ ಒಳಹೊಕ್ಕು, ಮೆಟ್ಟಿಲೇರಿ, ತನ್ನ ಅಂತಸ್ತಿಗೆ ಗೊತ್ತುಮಾಡಿದ ಸಾಲನ್ನು ಸೇರುತ್ತಿದ್ದ. ರಂಗಕ್ಕೆ ಹತ್ತಿರವಾಗಿ ರೋಮಿನ ಹಿರಿಯರ ಆಡಳಿತ ಸಭೆಯಾದ ಸೆನೆಟ್‌ನ ಸದಸ್ಯರು, ತೀರ ಮೇಲೆ ಹೆಂಗಸರು ಮತ್ತು ಬಡವರು. ಟೈಟಸ್‌ನ ನಂತರ ಚಕ್ರವರ್ತಿಯಾದ ಅವನ ತಮ್ಮ ಡೊಮಿಷಿಯನ್ ಕಾಲದಲ್ಲಿ ರಂಗದ ಮರದ ನೆಲದಡಿ ಕೋಣೆಗಳ ದೊಡ್ಡದೊಂದು ಜಾಲ ಸಿದ್ಧವಾಯಿತು. ಅಲ್ಲಿ ಕತ್ತಲಲ್ಲಿ ಆಳುಗಳು ರಾಟೆ ತಿರುಗಿಸಿ ಬೋನುಗಳನ್ನು ಮೇಲೆತ್ತುತ್ತಿದ್ದರು. ಪ್ರೇಕ್ಷಕರ ಕಣ್ಣೆದುರಿಗೆ ಮೃಗವೊಂದು ನೆಲದೊಳಗಿಂದಲೇ ಥಟ್ಟನೆ ಎದ್ದು ಬಂದಂತೆ ಕಾಣುತ್ತಿತ್ತು. ಹರಿದ ರಕ್ತ ಹೀರಲೆಂದು ಆ ನೆಲದ ಮೇಲೆ ಮರಳು ಹಾಸುತ್ತಿದ್ದರು. ಇಂದು ನಾವು ಕ್ರೀಡಾಂಗಣಗಳಿಗೆ ಬಳಸುವ ‘ಅರೀನಾ’ ಎಂಬ ಪದಕ್ಕೆ ಲ್ಯಾಟಿನ್‌ನಲ್ಲಿ ಮರಳು ಎಂದೇ ಅರ್ಥ. ನಮ್ಮ ಲೇಖನ ಕಮಾನುಗಳನ್ನು ಎಣಿಸಿ, ಈ ಮರಳಿನ ವಿಷಯವನ್ನು ಬಿಟ್ಟದ್ದು ಲೋಪವೇ ಸರಿ.

ಇನ್ನು, ತಪ್ಪೆನಿಸಿದವರು ಇದ್ದರು. ಕೊಲೋಸಿಯಂ ತಲೆಯೆತ್ತುವ ಮೊದಲೇ, ಕ್ರಿ.ಶ. 65ರಲ್ಲಿ ತೀರಿಕೊಂಡ ತತ್ತ್ವಜ್ಞಾನಿ ಸೆನೆಕಾ, ಮಧ್ಯಾಹ್ನದ ಆಟ ನೋಡಲು ಹೋಗಿ ಮೊದಲಿಗಿಂತ ಕ್ರೂರನಾಗಿ ಮನೆಗೆ ಮರಳಿದೆನೆಂದು ಗೆಳೆಯನಿಗೆ ಪತ್ರ ಬರೆದಿದ್ದಾನೆ. ಮರಣದಂಡನೆಗೆ ಗುರಿಯಾದವರನ್ನು ಯಾವ ರಕ್ಷಾಕವಚವೂ ಇಲ್ಲದೆ ಒಬ್ಬರನ್ನೊಬ್ಬರು ಕೊಲ್ಲಲು ಬಿಟ್ಟದ್ದನ್ನು ಅವನು ಅಲ್ಲಿ ಕಂಡಿದ್ದ. ಆದರೆ ಆ ಪತ್ರವನ್ನು ಓದುವಾಗ ನನಗೆ ಪ್ರತಿ ಸಲವೂ ಒಂದು ಕೊರತೆ ಕಾಡುತ್ತದೆ: ಸತ್ತವರಿಗಿಂತ ಹೆಚ್ಚಾಗಿ, ನೋಡಿದವರ ಮನಸ್ಸು ಕೆಟ್ಟಿತೆಂಬ ಚಿಂತೆಯೇ ಅವನದು.

ಉಳಿದ ಸಮಾಜ ಹೇಗೆ ಯೋಚಿಸುತ್ತಿತ್ತೆಂಬುದಕ್ಕೆ ಇಟಲಿಯ ದಕ್ಷಿಣದಲ್ಲಿದ್ದ ಪಾಂಪೇ ನಗರದ ಪ್ರಸಂಗ ಸಾಕ್ಷಿ. ಅಲ್ಲಿನ ಕಲ್ಲಿನ ಬಯಲುರಂಗ ಕ್ರಿ.ಪೂ. 70ರ ಸುಮಾರಿನದು, ಕೊಲೋಸಿಯಂಗಿಂತ ಸುಮಾರು ಒಂದೂವರೆ ಶತಮಾನ ಹಳೆಯದು. ಕ್ರಿ.ಶ. 59ರಲ್ಲಿ ಜನರ ಮನರಂಜನೆಗಾಗಿ ಆಯುಧ ಹಿಡಿದು ಸೆಣಸುವ ಗ್ಲಾಡಿಯೇಟರ್‌ಗಳ ಕಾಳಗ ನಡೆದಾಗ ಊರಿನವರಿಗೂ ನೆರೆಯ ನುಕೇರಿಯಾದವರಿಗೂ ಮೂದಲಿಕೆಯಿಂದ ಜಗಳ ಹುಟ್ಟಿ, ಕಲ್ಲು ತೂರಾಟವಾಗಿ, ಕೊನೆಗೆ ಕತ್ತಿಗಳು ಹೊರಬಂದವೆಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ನುಕೇರಿಯಾದವರೇ ಹೆಚ್ಚು ಸತ್ತರು. ಸೆನೆಟ್ ಹತ್ತು ವರ್ಷ ಅಲ್ಲಿ ಅಂಥ ಕೂಟಗಳನ್ನು ನಿಷೇಧಿಸಿತು, ಆಟ ಏರ್ಪಡಿಸಿದವನನ್ನು ಗಡೀಪಾರು ಮಾಡಿತು. ಗಮನಿಸಿ, ಶಿಕ್ಷೆಗೆ ಕಾರಣವಾದದ್ದು ಪ್ರೇಕ್ಷಕರು ಹರಿಸಿದ ರಕ್ತ. ರಂಗದ ಮೇಲೆ ಹರಿಯುತ್ತಿದ್ದ ರಕ್ತವಲ್ಲ.

ಪಾಂಪೇಯ ಒಬ್ಬ ಮನೆಯೊಡೆಯ ಆ ದಿನದ ಗಲಭೆಯನ್ನು ತನ್ನ ಮನೆಯ ಗೋಡೆಯ ಮೇಲೆ ಬರೆಸಿಕೊಂಡಿದ್ದ. ಈಗ ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿರುವ ಆ ಭಿತ್ತಿಚಿತ್ರದಲ್ಲಿ ಹೊರಗಿನ ಜೋಡಿ ಮೆಟ್ಟಿಲು, ನೆರಳಿಗಾಗಿ ಎಳೆದ ಬಟ್ಟೆಯ ಚಪ್ಪರ, ಮರಗಳ ಬಳಿ ಹೂಡಿದ ಅಂಗಡಿಗಳು, ಎಲ್ಲೆಂದರಲ್ಲಿ ಬಡಿದಾಡುತ್ತಿರುವ ಪುಟ್ಟ ಪುಟ್ಟ ಮನುಷ್ಯರು ಕಾಣುತ್ತಾರೆ. ಕಟ್ಟಡ ಮತ್ತು ಹಿಂಸೆ ಎರಡೂ ಒಂದೇ ನೋಟದಲ್ಲಿ ಸಿಗುವ ಆ ಚಿತ್ರವನ್ನು ನಿಮ್ಮ ಪತ್ರದೊಂದಿಗೆ ಮುಂದಿನ ಸಂಚಿಕೆಯಲ್ಲಿ ಇಡೀ ಪುಟಕ್ಕೆ ಮುದ್ರಿಸುತ್ತೇವೆ.

ಸಂಪಾದಕ