ಸಾಕ್ಷ್ಯಚಿತ್ರದಲ್ಲಿ ಕಾಣದವರು

ಪ್ರಶ್ನೆ: ಕ್ಯಾನ್ಸರ್‌ನ ಪರ್ಯಾಯ ಚಿಕಿತ್ಸೆ ಕುರಿತ ಸಾಕ್ಷ್ಯಚಿತ್ರವೊಂದನ್ನು ನೋಡಿದೆ. ಗುಣವಾಯಿತೆಂದು ಹೇಳುವವರೆಲ್ಲ ನಗರದ ಉಳ್ಳವರು; ನಮ್ಮ ಕಡೆಯ ಯರವ ಬುಡಕಟ್ಟಿನ ಅಜ್ಜಿಯೊಬ್ಬರು ಸೊಪ್ಪು ಕೊಯ್ಯುವುದಷ್ಟೇ ಕಾಣುತ್ತದೆ. ಎಲ್ಲ ಸಮುದಾಯದವರನ್ನೂ ಮಾತನಾಡಿಸಿದ್ದರೆ ಚಿತ್ರ ಸರಿಹೋಗುತ್ತಿತ್ತೇ?
— ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಅಜ್ಜಿಯ ಕೈಯನ್ನು ತೋರಿಸಿ ಅವರ ಮಾತನ್ನು ಕೇಳಿಸದೆ ಬಿಟ್ಟದ್ದು ತಪ್ಪೇ. ದಿನಗೂಲಿ ಬಿಟ್ಟು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಮತ್ತೆ ಮತ್ತೆ ಹೋಗಿಬರಲಾಗದೆ ನಾಟಿ ಮದ್ದನ್ನೇ ನೆಚ್ಚುವ ತೋಟದ ಲೈನ್ ಮನೆಯ ಕಾರ್ಮಿಕರೂ ಅಲ್ಲಿರಬೇಕಿತ್ತು. ಉಳ್ಳವರು ಆರಿಸಿಕೊಳ್ಳುವ ದಾರಿ ಇವರಿಗೆ ಬೇರೆ ಗತಿಯಿಲ್ಲದೆ ಹಿಡಿಯುವ ದಾರಿ.

ಆದರೂ ಮುಖಗಳನ್ನು ಹೆಚ್ಚಿಸಿದ ಮಾತ್ರಕ್ಕೆ ಹುಳುಕು ಹೋಗುವುದಿಲ್ಲ. ಇಂಥ ಚಿತ್ರಗಳಲ್ಲಿ ಎಲ್ಲರಿಗಿಂತ ಮೊದಲು ಕಾಣೆಯಾಗುವವರು ಅದೇ ಮದ್ದು ಕುಡಿದು ತೀರಿಕೊಂಡವರು. ಕ್ಯಾಮೆರಾದ ಮುಂದೆ ಕೂರಲು ಬದುಕಿ ಉಳಿದವರೇ ಬರಬೇಕಷ್ಟೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗ ಬೇರೆಡೆಗೆ ಹರಡುವ ಮೊದಲೇ ಪರ್ಯಾಯ ಚಿಕಿತ್ಸೆಯನ್ನಷ್ಟೇ ಆರಿಸಿಕೊಂಡ 281 ಮಂದಿಯ ಸಾವಿನ ಅಪಾಯವು ರೂಢಿಯ ಚಿಕಿತ್ಸೆ ಪಡೆದವರ 2.5 ಪಟ್ಟು ಇತ್ತು. ಹಾಗೆ ಆರಿಸಿಕೊಂಡವರಲ್ಲಿ ಆದಾಯವೂ ವಿದ್ಯೆಯೂ ಹೆಚ್ಚಿದ್ದವರೇ ಜಾಸ್ತಿ ಎಂಬುದನ್ನೂ ಗಮನಿಸಿ.

ಕೊಡಗಿನ ಕಕ್ಕಡ ತಿಂಗಳ 18ರಂದು ಮದ್ದುಸೊಪ್ಪಿನ ನೇರಳೆ ಪಾಯಸ ಉಣ್ಣುವ ನಾವು ಸೊಪ್ಪನ್ನು ಹೀಗಳೆಯುವವರಲ್ಲ. ರಕ್ತದ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟೀನ್ ಎಂಬ ಔಷಧ ಬಂದದ್ದು ಅಂಗಳದ ನಿತ್ಯಪುಷ್ಪದಿಂದಲೇ. ಆದರೆ ಅದನ್ನು ಬೇರ್ಪಡಿಸಿ, ಪರೀಕ್ಷಿಸಿ, ಅಳತೆಯಿಟ್ಟು ರಕ್ತನಾಳಕ್ಕೆ ಕೊಡುತ್ತಾರೆ. ಗಿಡವನ್ನೇ ಅರೆದು ಕುಡಿದರೆ ವಿಷ. ನಿಮ್ಮ ಚಿತ್ರದ ಅಜ್ಜಿಗೆ ಮೈಕ್ ಕೊಟ್ಟಿದ್ದರೆ, ಯಾವ ಸೊಪ್ಪು ಯಾವುದಕ್ಕೆ ಆಗದೆಂದು ಅವರೇ ಹೇಳುತ್ತಿದ್ದರೇನೋ.